ಮಲೆನಾಡಿನಲ್ಲಿ ನಾಲ್ಕು ದಿನ ನಡೆಯಲು ಎಷ್ಟು ಹೊರಬೇಕು?

ಹಗುರ ಚಾರಣಕ್ಕೆ ಬೇಕಾದ ಸಾಮಾನಿನ ಪಟ್ಟಿ ಹುಡುಕಿದರೆ ಸಿಗುವುದೆಲ್ಲ ಹೆಚ್ಚುಕಮ್ಮಿ ಅಮೆರಿಕದ್ದು. ಅಲ್ಲಿನ ಅಪಲಾಚಿಯನ್ ಟ್ರೇಲ್ ಸುಮಾರು 3,500 ಕಿ.ಮೀ. ಉದ್ದ, ಪೆಸಿಫಿಕ್ ಕ್ರೆಸ್ಟ್ ಟ್ರೇಲ್ 4,200 ಕಿ.ಮೀ. ದಾಟುತ್ತದೆ. ದಿನಗಟ್ಟಲೆ ಊರೇ ಸಿಗದ ದಾರಿಗೆ ಡೇರೆ, ಒಲೆ, ಪುಕ್ಕ ತುಂಬಿದ ಸ್ಲೀಪಿಂಗ್ ಬ್ಯಾಗು ಎಲ್ಲ ಬೇಕು, ಸರಿ. ಅದೇ ಪಟ್ಟಿ ನೋಡಿಕೊಂಡು ಹದಿನೈದು ಕಿಲೋ ಹೊತ್ತು ಹೊಸನಗರದಲ್ಲಿ ಬಸ್ಸಿಳಿದರೆ ಟೀ ಅಂಗಡಿಯವರು, "ಎಂತ ಮಾರಾಯ್ರೆ, ಮನೇನೇ ಹೊತ್ಕಂಡ್ ಬಂದೀರಲ್ಲ" ಅನ್ನುತ್ತಾರೆ. ಅವರು ಹೇಳುವುದರಲ್ಲಿ ತಪ್ಪೇನಿಲ್ಲ.

ನಮ್ಮ ಕಡೆಯ ದಾರಿಯೇ ಬೇರೆ ಥರ. ಕಾಡು ದಟ್ಟವಾಗಿದ್ದರೂ ಅದರ ಮಗ್ಗುಲಲ್ಲೇ ಅಡಿಕೆ ತೋಟ, ತೋಟದ ಮೇಲೊಂದು ಮನೆ. ಅರಣ್ಯದೊಳಗೆ ಮನಸ್ಸಿಗೆ ಬಂದಲ್ಲಿ ಡೇರೆ ಹಾಕುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ. ಗಾಳಿಯಲ್ಲಿ ಸದಾ ತೇವ. ಹಾಗಾಗಿ ಮಲೆನಾಡಿನಲ್ಲಿ ಚೀಲ ಹಗುರಾಗಲು ದುಬಾರಿ ಸಾಮಾನು ಕೊಳ್ಳುವ ಅಗತ್ಯ ಅಷ್ಟಾಗಿ ಇಲ್ಲ. ಡೇರೆ, ಒಲೆ ಬಿಟ್ಟು ಬರಬೇಕು, ತಂದದ್ದನ್ನು ಒದ್ದೆಯಾಗದಂತೆ ನೋಡಿಕೊಳ್ಳಬೇಕು, ಅಷ್ಟೆ. ಹೇಳುವುದು ಸುಲಭ. ಮಾಡುವುದು ಹೇಗೆಂದು ಒಂದೊಂದಾಗಿ ನೋಡೋಣ.

1. ದಾರಿ ಮತ್ತು ತಿಂಗಳು

ಮೊದಲ ಸಲ ದೂರ ನಡೆಯುವವರಿಗೆ ನಾನು ಹೇಳುವುದು ಕವಲೇದುರ್ಗದಿಂದ ಕೊಲ್ಲೂರಿನವರೆಗಿನ ದಾರಿ. ತೀರ್ಥಹಳ್ಳಿ ಕಡೆಯಿಂದ ಕವಲೇದುರ್ಗದ ಕೋಟೆಗೆ ಹೋಗಿ, ಅಲ್ಲಿಂದ ಊರ ರಸ್ತೆಗಳನ್ನೇ ಹಿಡಿದು ನಗರ, ನಗರದಿಂದ ಸಂಪೆಕಟ್ಟೆ, ಕಟ್ಟಿನಹೊಳೆ, ಆಮೇಲೆ 1,343 ಮೀಟರ್ ಎತ್ತರದ ಕೊಡಚಾದ್ರಿ, ಕೊನೆಗೆ ಘಟ್ಟದ ಕೆಳಗಿನ ಕೊಲ್ಲೂರು. ನಗರ ಅಂದರೆ ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು. 1763ರಲ್ಲಿ ಹೈದರಾಲಿ ವಶವಾದದ್ದು. ಕವಲೇದುರ್ಗ, ನಗರ ಎರಡೂ ಕೋಟೆ ಒಂದೇ ನಡಿಗೆಯಲ್ಲಿ ನೋಡಿದಂತಾಗುತ್ತದೆ. ಅದಕ್ಕಿಂತ ಮುಖ್ಯವಾದ ಲಾಭ ಇನ್ನೊಂದಿದೆ. ಮೊದಲ ಎರಡು ದಿನ ಹೆಚ್ಚಾಗಿ ಊರ ದಾರಿ, ಬಸ್ಸು ಓಡಾಡುವ ರಸ್ತೆ ಹತ್ತಿರವೇ ಇರುತ್ತದೆ. ಚೀಲ ಭಾರವಾಯಿತು, ಮೊಣಕಾಲು ಹಿಡಿಯಿತು ಅನ್ನಿಸಿದರೆ ಮನೆಗೆ ವಾಪಸಾಗಬಹುದು. ದೊಡ್ಡ ಏರು ಬರುವ ಹೊತ್ತಿಗೆ ಕಾಲು ಪಳಗಿರುತ್ತದೆ.

ಈ ಭಾಗದಲ್ಲಿ ವಾರಾಹಿ, ಚಕ್ರಾ, ಸಾವೇಹಕ್ಲು ಜಲಾಶಯಗಳ ಹಿನ್ನೀರು ಹಬ್ಬಿಕೊಂಡಿದೆ. ನಕ್ಷೆ ಮೇಲೆ ನೇರ ಗೆರೆ ಎಳೆದು "ಇಷ್ಟೇ ದೂರ" ಎಂದು ಹೊರಟರೆ ನೀರಿನ ದಡಕ್ಕೆ ಹೋಗಿ ನಿಲ್ಲುತ್ತೀರಿ. ರಸ್ತೆಯ ದೂರವನ್ನೇ ಅಳೆಯಿರಿ. ನಕ್ಷೆಯನ್ನು ಮೊದಲೇ ಮೊಬೈಲಿಗೆ ಇಳಿಸಿಕೊಳ್ಳಿ, ಏಕೆಂದರೆ ಘಟ್ಟದಲ್ಲಿ ನೆಟ್‌ವರ್ಕ್ ನಂಬಿ ನಡೆಯಲಾಗುವುದಿಲ್ಲ.

ಹೊತ್ತಿನ ಲೆಕ್ಕಕ್ಕೆ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಸಾಕು. ಐದು ಕಿ.ಮೀ.ಗೆ ಒಂದು ಗಂಟೆ, ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹನ್ನೆರಡು ಕಿ.ಮೀ. ದಾರಿ, ನಡುವೆ 600 ಮೀಟರ್ ಏರು ಇದ್ದರೆ ಹೆಚ್ಚುಕಮ್ಮಿ ಮೂರೂವರೆ ಗಂಟೆ ಬರುತ್ತದೆ. ಚೀಲ, ಸೆಕೆ, ಪಾಚಿಗಟ್ಟಿದ ಬಂಡೆ, ಫೋಟೊ, ಮಜ್ಜಿಗೆ ಎಲ್ಲ ಸೇರಿಸಿ ಅದಕ್ಕೆ ಅರ್ಧ ಕೂಡಿಸಿ. ಐದು ಗಂಟೆ ಎಂದು ಇಟ್ಟುಕೊಂಡರೆ ಮೋಸವಿಲ್ಲ. ಡಿಸೆಂಬರಿನಲ್ಲಿ ಸಂಜೆ ಆರರ ಸುಮಾರಿಗೆ ಹೊತ್ತು ಮುಳುಗುತ್ತದೆ, ಕಾಡಿನೊಳಗೆ ಅದಕ್ಕೂ ಮೊದಲೇ ಕತ್ತಲು. ನಾಲ್ಕೂವರೆಗೆ ತಂಗುವ ಜಾಗ ಸೇರುವಂತೆ ದಿನವನ್ನು ಕತ್ತರಿಸಿ.

ನವೆಂಬರ್‌ನಿಂದ ಜನವರಿ ಒಳ್ಳೆಯ ಕಾಲ. ವರ್ಷಕ್ಕೆ 7,000 ಮಿ.ಮೀ. ಮೇಲೆ ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೂರದ ನಡಿಗೆಯ ಯೋಚನೆ ಬೇಡ. ಫೆಬ್ರುವರಿ ದಾಟಿದರೆ ಕಾಳ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ದಾರಿಗಳನ್ನು ಮುಚ್ಚುವುದುಂಟು.

2. ಅನುಮತಿ ಮತ್ತು ತಂಗುದಾಣ

ಕೊಡಚಾದ್ರಿಯಾಗಲಿ, ಕುದುರೆಮುಖವಾಗಲಿ, ಕಾಡಿನೊಳಗಿನ ದಾರಿಗೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಈಗ ಹಲವು ದಾರಿಗಳಿಗೆ ಆನ್‌ಲೈನ್ ಬುಕಿಂಗ್ ಇದೆ, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಇದೆ. ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ಹೊರಡುವುದು ಜಾಣತನ. ಯಾರೋ ಹಾಕಿದ ವಿಡಿಯೊ ನೋಡಿ ಕಳ್ಳದಾರಿಯಲ್ಲಿ ನುಗ್ಗಬೇಡಿ. ಅಭಯಾರಣ್ಯದಲ್ಲಿ ಅದು ಅಪರಾಧ. ಅದೂ ಅಲ್ಲದೆ ಆ ದಾರಿಯಲ್ಲಿ ಕಾಲು ಉಳುಕಿದರೆ ಹುಡುಕಿಕೊಂಡು ಬರುವವರಿಗೂ ನೀವಿರುವ ಜಾಗ ಗೊತ್ತಿರುವುದಿಲ್ಲ.

ರಾತ್ರಿಗೆ ಹೋಂಸ್ಟೇ, ದೇವಸ್ಥಾನದ ವಸತಿ, ಪರಿಚಯದವರ ಮನೆ ಮೊದಲೇ ಗೊತ್ತು ಮಾಡಿ. ನಿಮ್ಮ ಚೀಲದ ಅರ್ಧ ಭಾರ ಇಳಿಯುವುದು ಇಲ್ಲೇ. ಚಾಪೆ, ಕಂಬಳಿ, ಬಿಸಿನೀರು, ಊಟ ನಾಲ್ಕೂ ಅಲ್ಲಿ ಸಿಗುತ್ತವೆ. ಬರುವ ಹಿಂದಿನ ದಿನ ಇನ್ನೊಮ್ಮೆ ಫೋನ್ ಮಾಡಿ ಎಷ್ಟು ಜನ, ಎಷ್ಟು ಗಂಟೆಗೆ ಎಂದು ಹೇಳಿ. ನವೆಂಬರ್‌ನಿಂದ ಜನವರಿ ಅಡಿಕೆ ಕೊಯ್ಲಿನ ಕಾಲವೂ ಹೌದು. ಮನೆಮಂದಿಯೆಲ್ಲ ಸುಲಿಯುವುದು, ಬೇಯಿಸುವುದರಲ್ಲಿ ಮುಳುಗಿರುತ್ತಾರೆ. ಅಂಗಳದ ತುಂಬ ಅಡಿಕೆ ಹರಡಿರುತ್ತದೆ, ಬೂಟು ಹಾಕಿಕೊಂಡು ಅದರ ಮೇಲೆ ಕಾಲಿಡಬೇಡಿ. ಹೇಳಬೇಕಾದ ಮಾತಲ್ಲ, ಆದರೂ ಹೇಳಬೇಕಾಗಿದೆ.

3. ತಕ್ಕಡಿ

ಹಗುರ ಚಾರಣಿಗರ ಲೆಕ್ಕ ಸರಳ. ತಿನ್ನುವುದು, ಕುಡಿಯುವುದು, ಉರಿಸುವುದು ಬಿಟ್ಟು ಚೀಲದಲ್ಲಿ ಉಳಿದದ್ದೆಲ್ಲ ಸೇರಿ ಎಷ್ಟು ತೂಗುತ್ತದೆ? ಇದಕ್ಕೆ ಬೇಸ್ ವೇಟ್ ಅನ್ನುತ್ತಾರೆ. ಒಂಬತ್ತು ಕಿಲೋ ಒಳಗಿದ್ದರೆ ಹಗುರ, ನಾಲ್ಕೂವರೆ ಕಿಲೋ ಒಳಗಿದ್ದರೆ ಅತಿ ಹಗುರ ಎಂದು ಎಣಿಕೆ. ಹಿಮದಲ್ಲಿ ಮಲಗುವವರಿಗೆ ನಾಲ್ಕೂವರೆ ಕಿಲೋ ಕಷ್ಟ. ಕಟ್ಟಿನಹೊಳೆಯಲ್ಲಿ ಯಾರದೋ ಮನೆಯ ಜಗಲಿ ಮೇಲೆ ಮಲಗುವ ನಮಗೆ ಕಷ್ಟವೇನಲ್ಲ.

ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ತನ್ನಿ. ಒಂದೊಂದೇ ಸಾಮಾನು ಇಟ್ಟು ಗ್ರಾಂ ಲೆಕ್ಕದಲ್ಲಿ ಬರೆದುಕೊಳ್ಳಿ. ಅಂದಾಜು ಬೇಡ. ಬಿಸಿ ಆರದ ಸ್ಟೀಲ್ ಬಾಟಲಿ ಖಾಲಿ ಇದ್ದಾಗಲೇ ಅರ್ಧ ಕಿಲೋದ ಹತ್ತಿರ ತೂಗಬಹುದು, ಅಂಗಡಿಯ ನೀರಿನ ಬಾಟಲಿ ಮೂವತ್ತು ಗ್ರಾಂ ಆಸುಪಾಸು. ಜೀನ್ಸ್ ಪ್ಯಾಂಟು ಮುಕ್ಕಾಲು ಕಿಲೋ ಸಮೀಪಕ್ಕೆ ಹೋಗುತ್ತದೆ, ನೆನೆದರೆ ಅದರ ಪಾಡು ಕೇಳಬೇಡಿ.

ನನ್ನ ಪ್ರಕಾರ ಒಂದು ಸಾಧಾರಣ ಲೆಕ್ಕ ಹೀಗಿರಬಹುದು. ಚೀಲ 900 ಗ್ರಾಂ, ಒಳಗಿನ ಪ್ಲಾಸ್ಟಿಕ್ 60, ಮಳೆಗೆ ಪೊಂಚೊ (ತಲೆ ತೂರಿಸಿ ಹಾಕುವ ಮಳೆಹೊದಿಕೆ) 300, ಕೊಡೆ 280, ಹೊದಿಕೆ ಮತ್ತು ಪಂಚೆ 400, ಬದಲಿ ಬಟ್ಟೆ 700, ಬೆಚ್ಚಗಿಡುವ ತೆಳು ಫ್ಲೀಸ್ ಅಂಗಿ 300, ಹಣೆಗೆ ಕಟ್ಟುವ ಟಾರ್ಚು 80, ಮೊಬೈಲು, ಪವರ್‌ಬ್ಯಾಂಕು, ವೈರು ಸೇರಿ 450, ಔಷಧಿ 250, ಸೋಪು, ಬ್ರಷ್ಷು 150, ಎರಡು ಬಾಟಲಿ 60, ಬಟ್ಟಲು, ಚಮಚ 60, ಇಂಬಳ (ಜಿಗಣೆ) ತಡೆಯುವ ಸಾಕ್ಸು 80. ಕೂಡಿದರೆ ನಾಲ್ಕು ಕಿಲೋ ಚಿಲ್ಲರೆ. ಎರಡು ಲೀಟರ್ ನೀರು, ಒಂದೂವರೆ ದಿನದ ಬುತ್ತಿ ಸೇರಿದರೂ ಏಳು ಕಿಲೋ ಸುತ್ತಮುತ್ತ ನಿಲ್ಲುತ್ತದೆ.

4. ಏನು ಬಿಡುವುದು

ಡೇರೆ, ಒಲೆ, ಗ್ಯಾಸು, ಪಾತ್ರೆ, ಸ್ಲೀಪಿಂಗ್ ಬ್ಯಾಗು ಮನೆಯಲ್ಲೇ ಇರಲಿ. ಪುಕ್ಕದ ಸ್ಲೀಪಿಂಗ್ ಬ್ಯಾಗು ಒಣ ಚಳಿಗೆ ಹೇಳಿಮಾಡಿಸಿದ್ದು. ತೇವಕ್ಕೆ ಪುಕ್ಕ ಮುದ್ದೆಯಾದರೆ ಬೆಚ್ಚಗಿಡುವ ಶಕ್ತಿ ಹೋಗುತ್ತದೆ. ಅದರ ಬದಲು ಹಳೆಯ ತೆಳು ಸೀರೆಯನ್ನು ಎರಡು ಮಡಿಕೆ ಮಾಡಿ ಚೀಲದಂತೆ ಹೊಲಿಸಿಕೊಂಡರೆ ಒಳಗೆ ನುಗ್ಗಿ ಮಲಗಬಹುದು, ಮೇಲೆ ಆ ಮನೆಯವರ ಕಂಬಳಿ. ಪಂಚೆಗೆ ಸರಿಸಾಟಿಯಾದ ಚಾರಣ ಸಾಮಾನು ಯಾವ ಕಂಪನಿಯೂ ಮಾಡಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಮೈ ಒರೆಸಲು, ಉಡಲು, ಹೊಳೆ ಹತ್ತಿರ ಬಟ್ಟೆ ಬದಲಿಸಲು, ತಲೆಗೆ ಸುತ್ತಲು, ದಿಂಬು ಮಾಡಲು ಎಲ್ಲಕ್ಕೂ ಅದೇ.

ಕತ್ತಿ ಬೇಡ. ಚೆಕ್‌ಪೋಸ್ಟಿನಲ್ಲಿ ಉತ್ತರ ಹೇಳುತ್ತ ನಿಲ್ಲಬೇಕಾಗುತ್ತದೆ. ಬೆರಳುದ್ದದ ಚಾಕು ಸಾಕು. ಕ್ಯಾಮೆರಾದ ಎರಡನೇ ಲೆನ್ಸು, ಸ್ಪೀಕರು, ಪುಸ್ತಕ, ಮಡಿಸುವ ಕುರ್ಚಿ, ಹೀಗೆ 'ಇರಲಿ' ಎಂದು ಒಳಗೆ ಬಂದದ್ದನ್ನೆಲ್ಲ ತೆಗೆಯಿರಿ. ಔಷಧಿ, ಟಾರ್ಚು, ಬೆಚ್ಚನೆಯ ಒಂದು ಅಂಗಿ ಇವುಗಳಲ್ಲಿ ಮಾತ್ರ ಜಿಪುಣತನ ಬೇಡ. ಕೊಡಚಾದ್ರಿ ತುದಿಯಲ್ಲಿ ಗಾಳಿ ಎದ್ದರೆ ಬೆವರಿದ ಮೈ ಕ್ಷಣದಲ್ಲಿ ತಣ್ಣಗಾಗುತ್ತದೆ.

5. ಒದ್ದೆಯಾಗದಂತೆ

ಚೀಲ ಖರೀದಿಸುವಾಗ ಕೊಡುವ ರೈನ್‌ಕವರ್ ಹೊರಗಿನ ಮಳೆಯನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ಬೆನ್ನಿನ ಕಡೆಯಿಂದ ಇಳಿಯುವ ನೀರನ್ನು ತಡೆಯುವುದಿಲ್ಲ. ಕಾಪಾಡಬೇಕಾದದ್ದು ಒಳಗಿಂದ. ಒಣಗಿದ ಅಡಿಕೆಗೆ ಬೂಷ್ಟು ಹಿಡಿಯದಂತೆ ಗೋಣಿಚೀಲದೊಳಗೆ ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟು ತುಂಬಿ ಬಾಯಿ ಬಿಗಿಯುತ್ತಾರಲ್ಲ, ಅದೇ ಕ್ರಮ ಇಲ್ಲೂ. ಅಂಥದ್ದೇ ಒಂದು ಚೀಲವನ್ನು ಬೆನ್ನಚೀಲದೊಳಗೆ ಬಿಡಿಸಿ. ಹೊದಿಕೆ, ರಾತ್ರಿಯ ಬಟ್ಟೆ, ಫ್ಲೀಸು ಅದರೊಳಗೆ ಹೋಗಲಿ. ಗಾಳಿ ಹೊರಗೆ ಒತ್ತಿ, ಬಾಯನ್ನು ತಿರುಚಿ, ಮಡಚಿ ರಬ್ಬರ್ ಬ್ಯಾಂಡ್ ಹಾಕಿ. ಹೊಳೆ ದಾಟುವಾಗ ಜಾರಿ ಬಿದ್ದರೂ ರಾತ್ರಿಗೆ ಒಣ ಬಟ್ಟೆ ಇರುತ್ತದೆ.

ಇಲ್ಲಿ ಮಳೆಗಿಂತ ಬೆವರು ಹೆಚ್ಚು ಕಾಡುತ್ತದೆ. ಬೆಲೆಬಾಳುವ ರೈನ್‌ಜಾಕೆಟ್ ತೊಟ್ಟು ಏರು ಹತ್ತಿದರೆ ಒಳಗಿಂದಲೇ ತೊಯ್ದುಹೋಗುತ್ತೀರಿ. ಗಾಳಿ ಆಡುವ ಪೊಂಚೊ ವಾಸಿ. ಚೀಲದ ಸಮೇತ ಮುಚ್ಚುತ್ತದೆ, ಕೂರಲು ಹಾಸಿಕೊಳ್ಳಲೂ ಆಗುತ್ತದೆ. ನಮ್ಮ ಹಿರಿಯರು ಗದ್ದೆ ಕೆಲಸಕ್ಕೆ ಬಳಸುತ್ತಿದ್ದ ಕಂಬಳಿ ಕೊಪ್ಪೆ, ಗೊರಬು ಎರಡೂ ತಲೆ, ಬೆನ್ನು ಮುಚ್ಚಿ ಮುಂದುಗಡೆ ಬಿಡುವಂಥವೇ. ಊರ ರಸ್ತೆಯಲ್ಲಿ, ತೋಟದ ದಾರಿಯಲ್ಲಿ ಮಡಚುವ ಕೊಡೆಯಷ್ಟು ಸುಖ ಬೇರೆಯಿಲ್ಲ. ಬೋಳುಗುಡ್ಡದ ಗಾಳಿಗೆ ಮಾತ್ರ ಅದನ್ನು ಬಿಚ್ಚಬೇಡಿ. 1955ರಲ್ಲಿ ಎಮ್ಮಾ ಗೇಟ್‌ವುಡ್ ಎಂಬ 67 ವರ್ಷದ ಅಜ್ಜಿ ಅಪಲಾಚಿಯನ್ ಟ್ರೇಲನ್ನು ಒಬ್ಬರೇ ಪೂರ್ತಿ ನಡೆದಾಗ ಹೆಗಲಲ್ಲಿದ್ದದ್ದು ಕೈಯಾರೆ ಹೊಲಿದ ಬಟ್ಟೆಚೀಲ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಅಂಗಡಿಯಲ್ಲಿ ಬೆಲೆಚೀಟಿ ನೋಡುವಾಗ ಈ ಅಜ್ಜಿಯನ್ನು ನೆನೆಸಿಕೊಳ್ಳಿ.

ಬಟ್ಟೆ ಎರಡೇ ಜೊತೆ. ಒಂದು ನಡೆಯಲು, ಒಂದು ಮಲಗಲು. ನಡೆಯುವ ಜೊತೆ ಬೆಳಿಗ್ಗೆ ಹಸಿಯಾಗಿದ್ದರೂ ಅದನ್ನೇ ತೊಡಿ. ಹತ್ತು ನಿಮಿಷ ನಡೆದರೆ ಮೈ ಕಾವಿಗೆ ಒಗ್ಗುತ್ತದೆ. ಒಣ ಜೊತೆಯನ್ನು ಆಸೆಗೆ ಹಾಕಿಕೊಂಡರೆ ಸಂಜೆಗೆ ಎರಡೂ ಒದ್ದೆ. ಹತ್ತಿ ಬನಿಯನ್, ಜೀನ್ಸ್ ಬೇಡ, ಆಟದ ಬಟ್ಟೆಯ ಪಾಲಿಯೆಸ್ಟರ್ ಇರಲಿ.

6. ಪಾದ

ಕಾಲಿಗೆ ಕಟ್ಟಿದ ಭಾರ ಬೆನ್ನಿನ ಭಾರದ ಹಲವು ಪಟ್ಟು ದಣಿಸುತ್ತದೆ. ದಪ್ಪ ಚರ್ಮದ ಬೂಟು ಹಿಮಕ್ಕೆ, ಚೂಪುಕಲ್ಲಿಗೆ. ನಮಗೆ ಬೇಕಾದದ್ದು ಹಿಡಿತ ಚೆನ್ನಾಗಿರುವ, ನೀರು ಹೊಕ್ಕರೂ ಹೊರಗೆ ಹೋಗುವ ಓಟದ ಬೂಟು. 'ವಾಟರ್‌ಪ್ರೂಫ್' ಬೂಟಿನೊಳಗೆ ಒಮ್ಮೆ ಹಳ್ಳದ ನೀರು ತುಂಬಿದರೆ ಅದು ಒಣಗುವ ಹೊತ್ತಿಗೆ ನೀವು ಕೊಲ್ಲೂರಿನಲ್ಲಿರುತ್ತೀರಿ. ಕಾಲು ಊದಿಕೊಳ್ಳುವುದರಿಂದ ಅರ್ಧ ಅಳತೆ ದೊಡ್ಡದು ಕೊಳ್ಳಿ. ಬಿಸಿ ಎನ್ನಿಸಿದ ಜಾಗಕ್ಕೆ ಬೊಬ್ಬೆ ಏಳುವ ಮೊದಲೇ ಟೇಪು ಅಂಟಿಸಿ. ಊರುಗೋಲು ಬೇಕೆನಿಸಿದರೆ ತಂಗಿದ ಮನೆಯಲ್ಲಿ ಒಂದು ಬಿದಿರ ಕೋಲು ಕೇಳಿ, ಕಾಡಿನಲ್ಲಿ ಕಡಿಯಬೇಡಿ.

7. ಬುತ್ತಿ ಮತ್ತು ನೀರು

ವಿದೇಶದ ಹಗುರ ಚಾರಣಿಗರು ಒಲೆ ಬಿಟ್ಟು, ಒಣ ಆಹಾರವನ್ನು ತಣ್ಣೀರಲ್ಲಿ ನೆನೆಸಿ ತಿನ್ನುವುದನ್ನು ದೊಡ್ಡ ಸಾಹಸವೆಂಬಂತೆ ಹೇಳಿಕೊಳ್ಳುತ್ತಾರೆ. ನಮಗೆ ಅವಲಕ್ಕಿ ಇದೆ. ಗೊಜ್ಜವಲಕ್ಕಿಯನ್ನು ಚೀಲಕ್ಕೆ ಹೊಂದಿಸುವುದು ಹೀಗೆ. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ಒಂದೆರಡು ಸುತ್ತು ತಿರುಗಿಸಿ ತರಿ ಮಾಡಿ. ಅದಕ್ಕೆ ಒಣಕೊಬ್ಬರಿ ತುರಿ, ಹುರಿದ ಕಡಲೆಬೀಜ, ಉಪ್ಪು ಬೆರೆಸಿ ಹೊತ್ತಿಗೊಂದರಂತೆ 120 ಗ್ರಾಂ ಪೊಟ್ಟಣ ಕಟ್ಟಿ. ಹುಣಸೆಹಣ್ಣಿನ ರಸ, ಬೆಲ್ಲ, ಸಾರಿನ ಪುಡಿ, ಸಾಸಿವೆ ಒಗ್ಗರಣೆ ಸೇರಿಸಿ ಎಣ್ಣೆ ಬಿಡುವವರೆಗೆ ಕುದಿಸಿ, ಗಟ್ಟಿ ಗೊಜ್ಜು ಮಾಡಿ ಸಣ್ಣ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಮಧ್ಯಾಹ್ನ ನಿಲ್ಲುವುದಕ್ಕೆ ಇಪ್ಪತ್ತು ನಿಮಿಷ ಮೊದಲು ತರಿಗೆ ಅದು ಮುಳುಗುವಷ್ಟು ನೀರು, ಒಂದು ಚಮಚ ಗೊಜ್ಜು ಹಾಕಿ ಬಟ್ಟಲಿನ ಮುಚ್ಚಳ ಬಿಗಿದು ನಡೆಯಿರಿ. ಕೂರುವ ಹೊತ್ತಿಗೆ ಊಟ ಅರಳಿರುತ್ತದೆ.

ಆಹಾರವನ್ನೂ ಗ್ರಾಂ ಲೆಕ್ಕದಲ್ಲೇ ನೋಡಿ. ನೂರು ಗ್ರಾಂ ಬಾಳೆಹಣ್ಣು ಸುಮಾರು 90 ಕ್ಯಾಲೊರಿ, ಅವಲಕ್ಕಿ 350, ಕಡಲೆಬೀಜ 570, ಒಣಕೊಬ್ಬರಿ 650, ತುಪ್ಪ 900. ಅಂದರೆ ಚಿಕ್ಕಿ, ಕೊಬ್ಬರಿ ಮಿಠಾಯಿ, ತುಪ್ಪದ ತಂಬಿಟ್ಟು ಹೊರಲು ಯೋಗ್ಯ. ಬಾಳೆಹಣ್ಣನ್ನು ದಾರಿಯ ಅಂಗಡಿಯಲ್ಲಿ ಕೊಂಡು ಅಲ್ಲೇ ತಿಂದು ಮುಗಿಸಿ. ರಾತ್ರಿ, ಬೆಳಿಗ್ಗೆ ಮನೆ ಊಟ ಇರುವಾಗ ಹಗಲಿಗೆ 400 ಗ್ರಾಂ ಒಣ ಬುತ್ತಿ ಸಾಕು. ಅಪ್ಪೆಮಿಡಿ ಇಲ್ಲದೆ ಆಗುವುದಿಲ್ಲ ಎನ್ನುವವರು ಎರಡು ಮಿಡಿ ತನ್ನಿ, ಗಾಜಿನ ಭರಣಿ ತರಬೇಡಿ.

ನೀರು ಲೀಟರಿಗೆ ಒಂದು ಕಿಲೋ, ಇಡೀ ಚೀಲದಲ್ಲಿ ಅತಿ ಭಾರದ ವಸ್ತು ಅದೇ. ಬೆಳಿಗ್ಗೆ ಮನೆಯಲ್ಲಿ ಕುದಿಸಿ ಆರಿಸಿದ ನೀರು ಹೊಟ್ಟೆ ತುಂಬ ಕುಡಿದು, ಎರಡು ಲೀಟರ್ ತುಂಬಿಕೊಂಡು ಹೊರಡಿ. ಹಳ್ಳದ ನೀರು ಹಿಡಿಯುವುದಾದರೆ ತೋಟಕ್ಕಿಂತ ಮೇಲೆ ಹಿಡಿಯಿರಿ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತಾರೆ, ಬೇರೆ ಕಾಲದಲ್ಲಿ ಕಳೆನಾಶಕವೂ ಇರಬಹುದು. ಕ್ಲೋರಿನ್ ಮಾತ್ರೆ ರೋಗಾಣುವನ್ನು ಕೊಲ್ಲುತ್ತದೆ, ರಾಸಾಯನಿಕವನ್ನು ತೆಗೆಯುವುದಿಲ್ಲ.

8. ಇಂಬಳ, ಉಣುಗು

ಇಂಬಳಕ್ಕೆ ಹೆದರಬೇಡಿ. ಮೊಣಕಾಲಿನವರೆಗೆ ಬರುವ ಒತ್ತು ನೇಯ್ಗೆಯ ಸಾಕ್ಸು, ಅದರ ಮೇಲೆ ಬೇವಿನೆಣ್ಣೆ. ಕಚ್ಚಿದರೆ ಉಗುರಿನಿಂದ ಬಾಯಿಯ ಬುಡ ಜಾರಿಸಿ ತೆಗೆಯಿರಿ. ರಕ್ತ ಸ್ವಲ್ಪ ಹೊತ್ತು ಸುರಿಯುತ್ತದೆ, ಒತ್ತಿ ಹಿಡಿದರೆ ನಿಲ್ಲುತ್ತದೆ.

ಹೆದರಬೇಕಾದದ್ದು ಉಣುಗಿಗೆ, ಅಂದರೆ ರಕ್ತ ಹೀರುವ ಸಣ್ಣ ಉಣ್ಣೆಗೆ. ಮಂಗನ ಕಾಯಿಲೆ ಹರಡುವುದು ಅದರಿಂದ. ಈ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಜೀವಗಳೂ ಹೋದವು. ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಲ, ಅಂದರೆ ಚಾರಣದ ಒಳ್ಳೆಯ ತಿಂಗಳುಗಳೂ ಅದರಲ್ಲಿ ಸೇರಿವೆ. ರೋಗ ಹರಡುವ ಮರಿ ಉಣುಗು ಕಣ್ಣಿಗೆ ಕಾಣುವುದೇ ಕಷ್ಟ. ಡೇರೆಯೂ ಇಲ್ಲದೆ ತರಗೆಲೆ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಮಲಗುವ ಅತಿ ಹಗುರದ ಪದ್ಧತಿ ಇಲ್ಲಿ ಖಂಡಿತ ಕೂಡದು. ಮಧ್ಯಾಹ್ನ ಕೂರುವುದೂ ಬಂಡೆ ಮೇಲೆಯೇ. ತಿಳಿ ಬಣ್ಣದ ತುಂಬುತೋಳಿನ ಬಟ್ಟೆ ತೊಟ್ಟು, ಪ್ಯಾಂಟಿನ ಅಂಚನ್ನು ಸಾಕ್ಸಿನೊಳಗೆ ಸೇರಿಸಿ. ಸೋಂಕು ಕಾಣಿಸುವ ಊರುಗಳ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಣುಗು ಹತ್ತದಂತೆ ಮೈಗೆ ಹಚ್ಚಲು ಡೇಪಾ ತೈಲ ಕೊಡುತ್ತಾರೆ, ದಾರಿಯಲ್ಲಿ ಕೇಳಿ ನೋಡಿ. ಸಂಜೆ ತಲುಪಿದ ಕೂಡಲೇ ಬಿಸಿನೀರು ಸ್ನಾನ, ಹಾಕಿದ್ದ ಬಟ್ಟೆ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಇಲಾಖೆಯವರಿಗೆ ತಿಳಿಸಿ. ಸೋಂಕು ತಗುಲಿದ ಮೂರರಿಂದ ಎಂಟು ದಿನದೊಳಗೆ ಜ್ವರ ಬರುವುದು ವಾಡಿಕೆ. ಮನೆಗೆ ಬಂದ ಮೇಲೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಎರಡು ದಿನ ನೋಡೋಣ ಎನ್ನದೆ, ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಅಂಗ ಅಲುಗಾಡದಂತೆ ಇಟ್ಟು 108ಕ್ಕೆ ಕರೆ ಮಾಡಿ.

9. ತುಂಬುವುದು, ಪರೀಕ್ಷಿಸುವುದು

ತಳದಲ್ಲಿ ಪ್ಲಾಸ್ಟಿಕ್ಕಿನೊಳಗಿನ ಒಣ ಸಾಮಾನು, ಬುತ್ತಿ ಬೆನ್ನಿಗೆ ಒತ್ತಿದಂತೆ ನಡುವೆ, ಪೊಂಚೊ ಎಲ್ಲಕ್ಕಿಂತ ಮೇಲೆ. ನೀರು ಎರಡೂ ಪಕ್ಕದ ಜೇಬಿನಲ್ಲಿ, ಒಂದೇ ಕಡೆ ಇಟ್ಟರೆ ಸಂಜೆಗೆ ಸೊಂಟ ಹೇಳುತ್ತದೆ. ಟಾರ್ಚು ಕೈಗೆ ಸಿಗುವ ಜೇಬಿನಲ್ಲಿರಲಿ. ಕಸ ಹಾಕಲು ಒಂದು ಖಾಲಿ ಪೊಟ್ಟಣ ಬೇಕೇ ಬೇಕು, ಕೆಲವು ಚೆಕ್‌ಪೋಸ್ಟಿನಲ್ಲಿ ಒಯ್ಯುವ ಪ್ಲಾಸ್ಟಿಕ್ಕನ್ನು ಎಣಿಸುತ್ತಾರೆ.

ಹೊರಡುವ ಎರಡು ವಾರ ಮೊದಲು ಇದೇ ಚೀಲ, ಇದೇ ಬೂಟು, ಇದೇ ಸಾಕ್ಸಿನಲ್ಲಿ ಒಂದು ದಿನ ನಡೆದು ನೋಡಿ. ಶಿವಮೊಗ್ಗ, ತೀರ್ಥಹಳ್ಳಿಯವರಿಗೆ ಕುಂದಾದ್ರಿ ಹೇಳಿಮಾಡಿಸಿದ ಜಾಗ. ಗುಡ್ಡೇಕೇರಿಯಲ್ಲಿ ಬಸ್ಸಿಳಿದು 826 ಮೀಟರ್ ಎತ್ತರದ ಬಸದಿಯವರೆಗೆ ಟಾರು ರಸ್ತೆಯಲ್ಲೇ ಹತ್ತಿ ಇಳಿಯಬಹುದು. ಕಾರಿನವರು ಕನಿಕರಪಟ್ಟು ಹತ್ತಿ ಎಂದರೂ ಹತ್ತಬೇಡಿ. ಮರುದಿನ ಬೆಳಿಗ್ಗೆ ಅದೇ ಚೀಲ ಹೊತ್ತು ಇನ್ನೊಂದು ಗಂಟೆ ನಡೆಯಿರಿ, ಏಕೆಂದರೆ ಭುಜ, ಹಿಮ್ಮಡಿ ಎರಡೂ ದೂರು ಹೇಳುವುದು ಎರಡನೇ ದಿನ. ಬಂದು ಚೀಲ ಬಿಚ್ಚಿ, ಮುಟ್ಟದೆ ಹಾಗೇ ಉಳಿದ ಸಾಮಾನನ್ನೆಲ್ಲ ಒಂದು ಕಡೆ ಇಡಿ. ಔಷಧಿ, ಟಾರ್ಚು, ಪೊಂಚೊ ಬಿಟ್ಟು ಮಿಕ್ಕದ್ದನ್ನು ಕಪಾಟಿಗೆ ಸೇರಿಸಿ ಇನ್ನೊಮ್ಮೆ ತೂಗಿ. ಬೇಸ್ ವೇಟ್ ಐದು ಕಿಲೋ ಒಳಗೆ ನಿಂತರೆ ಕವಲೇದುರ್ಗದ ಕಡೆಯ ಮನೆಯವರಿಗೆ ಫೋನ್ ಮಾಡಿ ಬರುವ ದಿನ ಹೇಳಬಹುದು.